ಕ್ಯಾಮರಾದೊಳಗಿನ ಹಳೆಯ ರೀಲು

ಹಬ್ಬದ ಮಧ್ಯಾಹ್ನ ಚಂದ್ರಾ ಲೇಔಟಿನಲ್ಲಿರುವ ನಮ್ಮ ಆಪಾಳ ಮನೆಗೆ ಹೋದಾಗ, ಶೀರ್ ಖುರ್ಮಾದ ಬಟ್ಟಲು ಕೈಗೆ ಬರುವ ಮೊದಲೇ ಆಕೆಯ ಮಗ ತನ್ನ ಕ್ಯಾಮರಾ ತಂದು ನಮ್ಮ ಮುಂದಿಟ್ಟ. ಫ್ಯೂಜಿ ಕಂಪನಿಯದು, ಸೆಕೆಂಡ್ ಹ್ಯಾಂಡ್. ಬೆಳಿಗ್ಗೆ ಈದ್ಗಾಹ್‌ನಲ್ಲಿ, ಆಮೇಲೆ ಪಕ್ಕದ ಗಂಗೊಂಡನಹಳ್ಳಿಯ ಗಲ್ಲಿಗಳಲ್ಲಿ ತೆಗೆದ ಚಿತ್ರಗಳು ಅದರಲ್ಲಿದ್ದವು. ಹುಡುಗನಿಗೆ ಕಣ್ಣಿದೆ ಎನ್ನುವುದು ಎರಡೇ ಚಿತ್ರಗಳಲ್ಲಿ ಗೊತ್ತಾಯಿತು. ಆದರೆ ಮೂರು ಗಂಟೆಗಳ ಹಿಂದೆ ತೆಗೆದ ಆ ಚಿತ್ರಗಳು ನಲವತ್ತು ವರ್ಷ ಹಳೆಯವಾಗಿ ಕಾಣುತ್ತಿದ್ದವು. ಆಕಾಶದ ನೀಲಿಗೆ ಬೂದು ಬೆರೆತಿತ್ತು. ಮಸೀದಿಯ ಗೋಡೆಯ ಹಸಿರು ಬಾಡಿತ್ತು. ಕೆಂಪು ಬಟ್ಟೆಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. "ಎಡಿಟ್ ಮಾಡಿಲ್ಲ ಮಾಮು, ಕ್ಯಾಮರಾದೊಳಗಿಂದಲೇ ಹೀಗೆ ಬರುತ್ತೆ. ಕ್ಲಾಸಿಕ್ ಕ್ರೋಮ್ ಅಂತ ಸೆಟ್ಟಿಂಗು" ಎಂದ.

ನಮಗೆ ಅಲ್ಲಿಂದಲೇ ಗೊಂದಲ ಶುರುವಾಯಿತು. ಈ ಬಣ್ಣ ನಮ್ಮ ಬಾಲ್ಯದ ಬಣ್ಣವೆಂದು ಅವನು ತಿಳಿದಿದ್ದಾನೆ. ಆದರೆ ನಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಚಿತ್ರಗಳಲ್ಲಿ ಒಂದಕ್ಕೂ ಈ ಬಣ್ಣವಿಲ್ಲ. ಹಾಗಾದರೆ ಇದು ಯಾರ ನೆನಪು? ನಮ್ಮ ಗಲ್ಲಿಯ ಮೇಲೆ ಇದು ಹೇಗೆ ಬಂದು ಕುಳಿತುಕೊಂಡಿತು?

ಮೊದಲು ಇದು ಏನೆಂದು ನೋಡೋಣ. ಡಿಜಿಟಲ್ ಕ್ಯಾಮರಾದ ಸೆನ್ಸರ್ ಬಣ್ಣವನ್ನು ನೇರವಾಗಿ ಹಿಡಿಯುವುದಿಲ್ಲ. ಕೆಂಪು, ಹಸಿರು, ನೀಲಿ ಫಿಲ್ಟರುಗಳ ಸಣ್ಣ ಚೌಕಗಳ ಹಿಂದೆ ಬಿದ್ದ ಬೆಳಕಿನ ಪ್ರಮಾಣವನ್ನಷ್ಟೇ ಅದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ನೋಡುವಂಥ ಚಿತ್ರವಾಗಿಸುವುದು ಕ್ಯಾಮರಾದೊಳಗಿನ ಪ್ರೊಸೆಸರ್. ಯಾವ ಕೆಂಪನ್ನು ಎಷ್ಟು ಕೆಂಪಾಗಿ ತೋರಿಸಬೇಕು, ನೆರಳು ಎಲ್ಲಿ ಪೂರ್ತಿ ಕಪ್ಪಾಗಬೇಕು, ಬಿಳುಪು ಎಲ್ಲಿ ಬೆಳಗಿ ಹೋಗಬೇಕು ಎನ್ನುವುದನ್ನೆಲ್ಲ ಅದು ತೀರ್ಮಾನಿಸುತ್ತದೆ. ಈ ತೀರ್ಮಾನಗಳನ್ನು ಹಿಂದಿನ ಕಾಲದ ಒಂದೊಂದು ಫಿಲ್ಮಿನ ಗುಣಕ್ಕೆ ಹತ್ತಿರವಾಗುವಂತೆ ಜೋಡಿಸಿಟ್ಟರೆ ಅದೇ ಫಿಲ್ಮ್ ಸಿಮ್ಯುಲೇಶನ್. ನಿಕಾನ್, ಕ್ಯಾನನ್, ರಿಕೋ ಮುಂತಾದವರಲ್ಲಿಯೂ ಬೇರೆ ಬೇರೆ ಹೆಸರಿನಲ್ಲಿ ಇಂಥ ಸೆಟ್ಟಿಂಗುಗಳಿವೆ. ಆದರೆ 1934ರಿಂದ ಫಿಲ್ಮನ್ನೇ ತಯಾರಿಸಿಕೊಂಡು ಬಂದ ಫ್ಯೂಜಿ ತನ್ನದೇ ಫಿಲ್ಮುಗಳ ಹೆಸರುಗಳನ್ನು ಕ್ಯಾಮರಾದ ಮೆನುವಿನಲ್ಲಿ ಇಟ್ಟಿತು. ಪ್ರೊವಿಯಾ ಸಾಧಾರಣ ಬಳಕೆಗೆ, ವೆಲ್ವಿಯಾ ಗಾಢ ಬಣ್ಣಕ್ಕೆ, ಆಸ್ಟಿಯಾ ಮೃದು ಬಣ್ಣಕ್ಕೆ. 2014ರಲ್ಲಿ ಕ್ಲಾಸಿಕ್ ಕ್ರೋಮ್, 2016ರಲ್ಲಿ ಕಪ್ಪು ಬಿಳುಪಿನ ಆಕ್ರೋಸ್, 2018ರಲ್ಲಿ ಸಿನಿಮಾ ಫಿಲ್ಮಿನ ಎಟರ್ನಾ, 2019ರಲ್ಲಿ ಕ್ಲಾಸಿಕ್ ನೆಗೆಟಿವ್ ಬಂದವು. 2024ರ ಎಕ್ಸ್100‌ VI ಕ್ಯಾಮರಾದಲ್ಲಿ ಇಂಥವು 20 ಇವೆ. ಇವುಗಳ ಮೇಲೆ ನೆರಳು, ಹೊಳಪು, ಕಾಳು, ಬಿಳುಪಿನ ಹದ ಇತ್ಯಾದಿಗಳನ್ನು ಹೆಚ್ಚು ಕಡಿಮೆ ಮಾಡಿ ಹುಡುಗರು ತಮ್ಮದೇ 'ರೆಸಿಪಿ'ಗಳನ್ನು ಮಾಡಿಕೊಳ್ಳುತ್ತಾರೆ. ಅಡುಗೆಯ ಮಾತು ಇಲ್ಲಿಗೂ ಬಂದಿದೆ.

ಕ್ಲಾಸಿಕ್ ಕ್ರೋಮ್ ಎನ್ನುವುದು ಫ್ಯೂಜಿಯ ಯಾವ ಫಿಲ್ಮಿನ ಹೆಸರೂ ಅಲ್ಲ. ಅದನ್ನು ನೋಡಿದವರಿಗೆಲ್ಲ ನೆನಪಾಗುವುದು ಪ್ರತಿಸ್ಪರ್ಧಿ ಕೊಡಕ್ ಕಂಪನಿಯ ಕೊಡಕ್ರೋಮ್. 1935ರಲ್ಲಿ ಮಾರುಕಟ್ಟೆಗೆ ಬಂದ ಆ ಫಿಲ್ಮನ್ನು 2009ರಲ್ಲಿ ನಿಲ್ಲಿಸಲಾಯಿತು. ಅಮೆರಿಕದ ದೊಡ್ಡ ಸಚಿತ್ರ ಪತ್ರಿಕೆಗಳು ಜಗತ್ತನ್ನು ಸುತ್ತಿ ತಂದ ಚಿತ್ರಗಳಲ್ಲಿ ಬಹಳಷ್ಟು ಅದರಲ್ಲೇ ತೆಗೆದವು. ಅಂದರೆ ನಮ್ಮ ಹುಡುಗ 'ಹಳೆಯ ಕಾಲ' ಎಂದುಕೊಂಡದ್ದು ನಮ್ಮ ಹಳೆಯ ಕಾಲವಲ್ಲ. ಹೊರಗಿನಿಂದ ಬಂದ ಒಬ್ಬ ಪ್ರವಾಸಿ ನಮ್ಮಂಥವರನ್ನು ನೋಡಿ ತೆಗೆದುಕೊಂಡು ಹೋದ ಚಿತ್ರಗಳ ಕಾಲ ಅದು.

ನಮ್ಮ ಟ್ರಂಕಿನಲ್ಲಿರುವುದು ಬೇರೆಯೇ. ವಿದೇಶಿ ಫಿಲ್ಮ್ ದುಬಾರಿಯಾಗಿದ್ದ ದಿನಗಳಲ್ಲಿ ಈ ದೇಶದ ಸಣ್ಣ ಸ್ಟುಡಿಯೋಗಳು ಬಳಸುತ್ತಿದ್ದ ಫಿಲ್ಮುಗಳಲ್ಲಿ ಒಂದು 'ಇಂದು'. 1960ರಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಊಟಿಯಲ್ಲಿ ಅದನ್ನು ತಯಾರಿಸುತ್ತಿತ್ತು. ಆಸ್ಪತ್ರೆಯ ಎಕ್ಸ್-ರೇ ಫಿಲ್ಮಿನಿಂದ ಹಿಡಿದು ಸ್ಟುಡಿಯೋದ ಕಪ್ಪು ಬಿಳುಪು ಫಿಲ್ಮು, ಕಾಗದದವರೆಗೆ ಅಲ್ಲಿಂದ ಬರುತ್ತಿತ್ತು. ಪೂರ್ವ ಜರ್ಮನಿಯ ಓರ್ವೋ ಇನ್ನೊಂದು. ಇಂದು ಎಂದರೆ ಚಂದ್ರ. ಚಂದ್ರನನ್ನು ನೋಡಿ ಹಬ್ಬ ಮಾಡುವ ನಮಗೆ, ಅದೂ ಚಂದ್ರಾ ಲೇಔಟಿನಲ್ಲಿ ಕುಳಿತು ಮಾತಾಡುವಾಗ, ಈ ಹೆಸರು ನೆನಪಾಗಿ ನಗು ಬಂತು. ಕಾರ್ಖಾನೆ ಮುಚ್ಚಿಹೋಯಿತು. ಯಾವ ಕ್ಯಾಮರಾದ ಮೆನುವಿನಲ್ಲೂ 'ಇಂದು' ಎಂಬ ಸೆಟ್ಟಿಂಗು ಇಲ್ಲ. ಮಾರಿಹೋಗುವ ನೆನಪುಗಳು ಮಾತ್ರ ಮೆನುವಿಗೆ ಬರುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕೊಡಕ್ರೋಮ್, ವೆಲ್ವಿಯಾಗಳು ಸ್ಲೈಡ್ ಫಿಲ್ಮುಗಳು. ತೊಳೆದ ಮೇಲೆ ಕೈಗೆ ಬರುವುದೇ ಅಂತಿಮ ಚಿತ್ರ, ಆದ್ದರಿಂದ ಅವುಗಳಿಗೆ ಒಂದು ನಿಶ್ಚಿತ ಬಣ್ಣವಿತ್ತೆಂದು ಹೇಳಬಹುದು. ನಮ್ಮ ಮದುವೆ, ಅಖೀಖಾ, ಶಾಲೆಯ ಗ್ರೂಪ್ ಫೋಟೋಗಳೆಲ್ಲ ನೆಗೆಟಿವ್ ಫಿಲ್ಮಿನವು. ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಲ್ಯಾಬಿನವನು ಬಣ್ಣವನ್ನು ತಿದ್ದುತ್ತಿದ್ದ. ಒಂದೇ ನೆಗೆಟಿವ್ ಒಂದು ಲ್ಯಾಬಿನಲ್ಲಿ ಹಳದಿಯಾಗಿ, ಇನ್ನೊಂದರಲ್ಲಿ ನೀಲಿಯಾಗಿ ಬರುತ್ತಿತ್ತು. ಕಪ್ಪು ಬಿಳುಪಿನಲ್ಲಂತೂ ಡಾರ್ಕ್‌ರೂಮಿನ ಕೈಚಳಕವೇ ಅರ್ಧ ಚಿತ್ರ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017) ಅವರಂಥ ಹಿರಿಯರು ಕಾಡಿನಲ್ಲಿ ಪಟ್ಟಷ್ಟೇ ಪಾಡನ್ನು ಡಾರ್ಕ್‌ರೂಮಿನಲ್ಲೂ ಪಟ್ಟರು. ಹೀಗಿರುವಾಗ 'ಕ್ಲಾಸಿಕ್ ನೆಗೆಟಿವ್' ಎಂದು ಕ್ಯಾಮರಾ ಕೊಡುವ ಬಣ್ಣ ಯಾವುದರ ನಕಲು? ಎಲ್ಲೋ ಒಂದು ಲ್ಯಾಬಿನಲ್ಲಿ ಯಾರೋ ಸರಿ ಎಂದು ಒಪ್ಪಿದ ಪ್ರಿಂಟಿನ ನಕಲು. ನಕಲಿಗೊಂದು ಅಸಲು ಇರಬೇಕು. ಇಲ್ಲಿ ಅಸಲೇ ಹತ್ತಾರು ಬಗೆಯದಾಗಿತ್ತು.

ಹಾಗಾದರೆ ಸಿಮ್ಯುಲೇಶನ್ ಸುಳ್ಳು, ಸಾಧಾರಣ ಸೆಟ್ಟಿಂಗು ನಿಜ ಎನ್ನಬಹುದೇ? ಖಂಡಿತ ಇಲ್ಲ. ಫಿಲ್ಮಿನ ಕಾಲದಲ್ಲೂ ಬಣ್ಣ ಯಾರದೋ ತೀರ್ಮಾನವೇ ಆಗಿತ್ತು. 20ನೇ ಶತಮಾನದ ನಡುಭಾಗದಿಂದ ಕೊಡಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಆ ಕಾರ್ಡಿಗೆ 'ಶರ್ಲಿ' ಎಂದೇ ಹೆಸರು. ಕಪ್ಪು ಮತ್ತು ಕಂದು ಮೈಬಣ್ಣದವರ ಮುಖ ಅದರಿಂದ ಮಸಿಯಾಗಿ ಬರುತ್ತದೆಂಬ ದೂರು ಬಹಳ ಕಾಲ ಯಾರನ್ನೂ ತಟ್ಟಲಿಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಷಯ ಬರುತ್ತದೆ. ಕಂದು ಬಣ್ಣದ ಸೂಕ್ಷ್ಮ ಛಾಯೆಗಳು ಬರುತ್ತಿಲ್ಲವೆಂದು ಕಂಪನಿಗೆ ಒತ್ತಡ ಹಾಕಿದವರಲ್ಲಿ ಮರದ ಪೀಠೋಪಕರಣ ಮಾರುವವರೂ ಚಾಕೊಲೇಟ್ ಮಾರುವವರೂ ಇದ್ದರಂತೆ. ಮನುಷ್ಯರ ಮುಖಕ್ಕೆ ಆಗದ ಕೆಲಸವನ್ನು ಮೇಜು ಕುರ್ಚಿಗಳು ಮಾಡಿಸಿದವು. 1970ರ ದಶಕದ ಕೊನೆಯಲ್ಲಿ ಮೊಜಾಂಬಿಕ್‌ಗೆ ಹೋದ ಫ್ರೆಂಚ್ ನಿರ್ದೇಶಕ ಗೊದಾರ್ ಅಲ್ಲಿ ಕೊಡಕ್ ಫಿಲ್ಮ್ ಬಳಸಲು ನಿರಾಕರಿಸಿದ್ದು ಈ ಕಾರಣಕ್ಕೇ.

ನಮ್ಮ ಊರುಗಳ ಸ್ಟುಡಿಯೋಗಳಿಗೆ ಈ ಕತೆ ಗೊತ್ತಿರಲಿಲ್ಲ. ಆದರೆ ಅದರ ಪರಿಹಾರ ಗೊತ್ತಿತ್ತು. ಮದುಮಗಳ ಮುಖಕ್ಕೆ ಎದುರಿನಿಂದ ದೀಪ ಬಿಟ್ಟು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚ್ ಮಾಡಿ, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು. ನಮ್ಮವರಿಗೂ ಅದೇ ಬೇಕಿತ್ತು. ಈಗ ಆ ಕೆಲಸವನ್ನು ಮೊಬೈಲ್ ಫೋನು ಯಾರನ್ನೂ ಕೇಳದೆ ಮಾಡುತ್ತದೆ. ಫೋನಿನಲ್ಲಿ ಮುಖ ನುಣುಪಾಗುತ್ತದೆ, ಬೆಳ್ಳಗಾಗುತ್ತದೆ, ಅದಕ್ಕೊಂದು ಹೆಸರನ್ನೂ ಹೇಳುವುದಿಲ್ಲ. ಫಿಲ್ಮ್ ಸಿಮ್ಯುಲೇಶನ್ ಪರವಾಗಿ ನಾವು ಹೇಳಬಹುದಾದ ಮೊದಲ ಮಾತು ಇದು. ಅದು ತನ್ನ ಹೆಸರು ಹೇಳಿಕೊಂಡು ಬರುತ್ತದೆ.

ನಮ್ಮ ಸಮುದಾಯದಲ್ಲಿ ಈ ಪ್ರಶ್ನೆಗೆ ಬೇರೆ ಒಂದು ಹಿನ್ನೆಲೆಯೂ ಇದೆ. ಉರ್ದುವಿನಲ್ಲಿ ಚಿತ್ರಕ್ಕೆ ಎರಡು ಮಾತುಗಳಿವೆ. ತಸ್ವೀರ್ ಒಂದು, ಅಕ್ಸ್ ಇನ್ನೊಂದು. ತಸ್ವೀರ್ ಎಂದರೆ ರೂಪ ಕೊಡುವುದು. ಅದೇ ಧಾತುವಿನಿಂದ ಬಂದ ಅಲ್-ಮುಸವ್ವಿರ್ ಎನ್ನುವುದು ಅಲ್ಲಾಹನ ಹೆಸರುಗಳಲ್ಲಿ ಒಂದು. ಅಕ್ಸ್ ಎಂದರೆ ಕನ್ನಡಿಯಲ್ಲೋ ನೀರಿನಲ್ಲೋ ಬಿದ್ದ ಪ್ರತಿಬಿಂಬ. ಕ್ಯಾಮರಾ ಬಂದ ಕಾಲದಲ್ಲಿ ಉಲಮಾಗಳ ನಡುವೆ ನಡೆದ ವಾದ ಇದರ ಸುತ್ತಲೇ ಇತ್ತು. ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅಲ್-ಮುತೀಈ ಕ್ಯಾಮರಾದ ಕೆಲಸ ನೆರಳನ್ನು ಹಿಡಿದು ನಿಲ್ಲಿಸುವುದಷ್ಟೇ, ಸೃಷ್ಟಿಯ ಅನುಕರಣೆಯಲ್ಲ ಎಂದು ವಾದಿಸಿ ಅದಕ್ಕೆ ಅನುಮತಿ ಕೊಟ್ಟರು. ಒಪ್ಪದವರೂ ಇದ್ದರು, ಇಂದಿಗೂ ಇದ್ದಾರೆ. ಆ ಚರ್ಚೆಯ ತೀರ್ಪು ಕೊಡುವ ಅರ್ಹತೆ ನಮಗಿಲ್ಲ. ಆದರೆ ಸಿಮ್ಯುಲೇಶನ್ ಮೆನು ತೆರೆದ ಕೂಡಲೇ ಕ್ಯಾಮರಾ ಬರೀ ಕನ್ನಡಿಯೆಂದು ಹೇಳಿಕೊಳ್ಳುವ ಸೌಕರ್ಯ ನಮಗೆ ತಪ್ಪಿಹೋಗುತ್ತದೆ. 20 ಬಣ್ಣಗಳಲ್ಲಿ ಒಂದನ್ನು ಆರಿಸಿದವನು ನಾನು. ಹಾಗಾಗಿ ಅದರ ಹೊಣೆಯೂ ನನ್ನದು. ತೆಗೆದವನ ನಿಯ್ಯತ್ತು ಏನು ಎಂದು ಕೇಳುವ ಹಕ್ಕು ನೋಡುವವನಿಗೆ ಬರುತ್ತದೆ.

ಈಗ ಹುಡುಗನ ಚಿತ್ರಗಳಿಗೆ ಹಿಂದಿರುಗೋಣ. ಒಂದು ಸಂಗತಿ ನಮ್ಮನ್ನು ಕಾಡಿತು. ಅದೇ ಕ್ಯಾಮರಾದಲ್ಲಿ ಅವನು ಕಾಲೇಜಿನ ಗೆಳೆಯರನ್ನೂ ತೆಗೆದಿದ್ದ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ, ಕಾಫಿ ಅಂಗಡಿಯಲ್ಲಿ, ನಾಗರಭಾವಿ ಕಡೆಯ ಮರಗಳ ರಸ್ತೆಯಲ್ಲಿ. ಅವೆಲ್ಲ ಪ್ರೊವಿಯಾದಲ್ಲಿ, ಇವತ್ತಿನ ಬಣ್ಣದಲ್ಲಿದ್ದವು. ಗಂಗೊಂಡನಹಳ್ಳಿಗೆ ಹೋದಾಗ ಮಾತ್ರ ಡಯಲ್ ಕ್ಲಾಸಿಕ್ ಕ್ರೋಮ್‌ಗೆ ತಿರುಗಿದೆ. ಯಾಕೆ ಎಂದು ಕೇಳಿದೆವು. "ಅಲ್ಲಿಗೆ ಅದು ಸೂಟ್ ಆಗುತ್ತೆ ಮಾಮು" ಎಂದ. ಅವನು ಆ ಸಮುದಾಯದವನೇ. ಅವನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಗಲ್ಲಿ, ಅವನ ಕಣ್ಣಿಗೂ ಹಿಂದಿನ ಕಾಲದಲ್ಲೇ ಇದೆ.

ಇದು ಅವನೊಬ್ಬನ ತಪ್ಪಲ್ಲ. ರಂಜಾನ್ ಬಂತೆಂದರೆ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಕ್ಯಾಮರಾಗಳ ಸಂತೆಯೇ ನೆರೆಯುತ್ತದೆ. ತೆಗೆಯುವುದು ಒಂದೇ ಬಗೆಯ ಚಿತ್ರ. ಕಬಾಬಿನ ಹೊಗೆ, ಆ ಹೊಗೆಯ ಹಿಂದೆ ಗಡ್ಡದ ಮುದುಕ, ಅತ್ತರಿನ ಶೀಸೆ, ಬೊಚ್ಚು ಬಾಯಿಯ ಅಜ್ಜಿ. ಚೌಕಟ್ಟಿನೊಳಗೆ ಎಟಿಎಂ ಬರಬಾರದು, ಕಂಪ್ಯೂಟರ್ ಕ್ಲಾಸಿನ ಬೋರ್ಡು ಬರಬಾರದು, ನೀಟ್ ಕೋಚಿಂಗಿಗೆ ಹೋಗುತ್ತಿರುವ ಹುಡುಗಿ ಬರಬಾರದು. ಬಂದರೂ ಬಾಡಿದ ಬಣ್ಣ ಅವರನ್ನೂ ಹಳಬರನ್ನಾಗಿಸುತ್ತದೆ. ದ್ವೇಷದಿಂದ ತೆಗೆದ ಚಿತ್ರಗಳಲ್ಲ ಇವು, ಪ್ರೀತಿಯಿಂದಲೇ ತೆಗೆದವು. ಆದರೆ ಇವತ್ತು ಬದುಕಿ, ಇವತ್ತಿನ ಬಾಡಿಗೆ ಕಟ್ಟಿ, ಇವತ್ತಿನ ಕೆಲಸ ಹುಡುಕುತ್ತಿರುವ ಒಂದು ಜನಸಮುದಾಯವನ್ನು ಮತ್ತೆ ಮತ್ತೆ ನೆನಪಿನಂತೆ ತೋರಿಸಿದರೆ, ಅವರಿಗೆ ವರ್ತಮಾನದಲ್ಲಿ ಹಕ್ಕುಗಳಿವೆ ಎನ್ನುವುದು ನೋಡುವವನಿಗೆ ಹೊಳೆಯುವುದಾದರೂ ಹೇಗೆ?

ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆಯೊಂದಿದೆ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ಕೊಡಕ್ರೋಮ್‌ನಲ್ಲಿ ತೆಗೆದ, 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂದ ಅಫ್ಘಾನ್ ಹುಡುಗಿಯ ಚಿತ್ರ ಅದು. ಅವಳ ಕಣ್ಣಿನ ಹಸಿರು, ಶಾಲಿನ ಕಂದುಗೆಂಪು ಇಡೀ ಜಗತ್ತಿಗೆ ಗೊತ್ತಾಯಿತು. ಶರ್ಬತ್ ಗುಲಾ ಎಂಬ ಅವಳ ಹೆಸರು ಗೊತ್ತಾಗಲು 2002ರವರೆಗೆ ಕಾಯಬೇಕಾಯಿತು. ಆದರೆ ಅದೇ ಕೊಡಕ್ರೋಮ್ ಬಳಸಿ ರಘುಬೀರ್ ಸಿಂಗ್ (1942-1999) ಅಂಬಾಸಿಡರ್ ಕಾರಿನ ಕಿಟಕಿ, ಕನ್ನಡಿಗಳ ಮೂಲಕ ಓಡುತ್ತಿರುವ ಭಾರತವನ್ನು ತೋರಿಸಿದರು. ಆದ್ದರಿಂದ ಅಪರಾಧ ಫಿಲ್ಮಿನದಲ್ಲ, ಸೆಟ್ಟಿಂಗಿನದೂ ಅಲ್ಲ. ಯಾವುದಕ್ಕೆ ಯಾವುದು 'ಸೂಟ್' ಆಗುತ್ತದೆ ಎಂಬ ನಮ್ಮ ಮೊದಲೇ ಸಿದ್ಧವಾದ ತೀರ್ಮಾನದಲ್ಲಿ ಅದು ಇದೆ.

ಇಲ್ಲಿ ಕತೆ ಬರೆಯುವ ನಾವು ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಮುಸ್ಲಿಂ ಬದುಕನ್ನು ಕನ್ನಡದಲ್ಲಿ ಬರೆಯುವಾಗ ನಮ್ಮ ಕೈಯೂ ಅದೇ ಡಯಲ್ ಕಡೆಗೆ ಹೋಗಿದೆ. ದಾದಿಯ ಪಾನ್‌ದಾನ್, ಪರ್ದೆಯ ಹಿಂದಿನ ಬಳೆಯ ಸದ್ದು, ಉರುಸಿನ ಕವ್ವಾಲಿ. ಇವನ್ನು ಹಾಕಿದರೆ ಸಂಪಾದಕರು ಮೆಚ್ಚುತ್ತಾರೆ, ಓದುಗರು ಕಾಗದ ಬರೆಯುತ್ತಾರೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಈ ಬಾಡಿದ ಬಣ್ಣಕ್ಕೆ ಕೈ ಹಾಕಲಿಲ್ಲ. ತಲಾಕಿನ ಪ್ರಶ್ನೆಯನ್ನು ಅದು ಅಂದಿನ ಉರಿಬಿಸಿಲಿನಲ್ಲೇ ಇಟ್ಟಿತು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕತೆಗಳ ಹೆಂಗಸರೂ ನೆನಪಿನ ಮಂಜಿನಿಂದ ಬಂದವರಲ್ಲ. ನಮ್ಮದೇ ಹಳೆಯ ಕತೆಗಳನ್ನು ಈಗ ತೆಗೆದು ನೋಡಿದರೆ ಕೆಲವು ಪುಟಗಳಲ್ಲಿ ಕ್ಲಾಸಿಕ್ ಕ್ರೋಮ್ ಕಾಣಿಸಿ ಮುಜುಗರವಾಗುತ್ತದೆ.

ಸೆಟ್ಟಿಂಗಿನ ಮಾತನ್ನು ಇನ್ನಷ್ಟು ಹತ್ತಿರದಿಂದ ಆಡಬೇಕು. ಏಕೆಂದರೆ ನಮ್ಮವರ ಚಿತ್ರ ಕೆಡುವುದು ಹೆಚ್ಚಾಗಿ ಸಣ್ಣ ತಾಂತ್ರಿಕ ಸಂಗತಿಗಳಲ್ಲಿ. ಕ್ಯಾಮರಾದ ಬೆಳಕಿನ ಲೆಕ್ಕ ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣವೆಂದು ನಂಬಿ ನಡೆಯುತ್ತದೆ. ಈದ್ಗಾಹ್‌ನಲ್ಲಿ ಸಾವಿರ ಬಿಳಿ ಜುಬ್ಬಾ, ಬಿಳಿ ಟೋಪಿಗಳು ಚೌಕಟ್ಟು ತುಂಬಿದರೆ ಅದು ಬೆಳಕು ಜಾಸ್ತಿಯಾಯಿತೆಂದು ಹೆದರಿ ಕಡಿಮೆ ಮಾಡುತ್ತದೆ. ಬಟ್ಟೆ ಮಾಸಲಾಗುತ್ತದೆ, ಮುಖಗಳು ಕಪ್ಪಾಗುತ್ತವೆ. ಕಪ್ಪು ಬುರ್ಖಾ ಚೌಕಟ್ಟು ತುಂಬಿದರೆ ತದ್ವಿರುದ್ಧ. ಬೆಳಕು ಸಾಲದೆಂದು ಏರಿಸುತ್ತದೆ. ಬುರ್ಖಾ ಬೂದಿಯಾಗುತ್ತದೆ, ಅದರೊಳಗಿನ ಮುಖ ಸುಣ್ಣದಂತೆ ಬಿಳಿಚುತ್ತದೆ. ಇದನ್ನು ಬಲ್ಲವನು ಬಿಳಿಗೆ ಒಂದು ಸ್ಟಾಪ್ ಏರಿಸುತ್ತಾನೆ, ಕಪ್ಪಿಗೆ ಒಂದು ಸ್ಟಾಪ್ ಇಳಿಸುತ್ತಾನೆ. ಫ್ಯೂಜಿ ಕ್ಯಾಮರಾಗಳಲ್ಲಿ ಹಲವಕ್ಕೆ ಇದಕ್ಕೆಂದೇ ಮೇಲೊಂದು ಡಯಲ್ ಇದೆ.

ಕ್ಲಾಸಿಕ್ ಕ್ರೋಮ್‌ನ ನೆರಳುಗಳು ಗಟ್ಟಿ. ಹುಡುಗ ತೆಗೆದ ಒಂದು ಚಿತ್ರದಲ್ಲಿ ಮೂವರು ಹೆಂಗಸರು ನಡೆದು ಬರುತ್ತಿದ್ದರು. ಮೂವರೂ ಸೇರಿ ಒಂದೇ ಕಪ್ಪು ಕಲೆಯಾಗಿದ್ದರು. ಬುರ್ಖಾದ ಮಡಿಕೆ, ತೋಳಿನ ಕಸೂತಿ, ಒಬ್ಬಳ ಎತ್ತರ, ಇನ್ನೊಬ್ಬಳ ನಡಿಗೆಯ ಬಾಗು ಯಾವುದೂ ಉಳಿದಿರಲಿಲ್ಲ. ನೆರಳಿನ ಸೆಟ್ಟಿಂಗನ್ನು ಎರಡು ಹಂತ ಇಳಿಸಿ, ಬಿಳುಪು ಸುಟ್ಟುಹೋಗದಂತೆ ಡೈನಾಮಿಕ್ ರೇಂಜ್ 400ಕ್ಕೆ ಇಟ್ಟಿದ್ದರೆ ಅಲ್ಲಿ ಮೂವರು ಕಾಣುತ್ತಿದ್ದರು. 2022ರ ಹಿಜಾಬ್ ವಿವಾದದ ತಿಂಗಳುಗಳಲ್ಲಿ ಕರ್ನಾಟಕದ ಕಾಲೇಜು ಗೇಟುಗಳ ಎದುರು ನಿಂತ ಹುಡುಗಿಯರ ಚಿತ್ರಗಳನ್ನು ದಿನವೂ ನೋಡಿದ್ದೇವೆ. ಅವುಗಳಲ್ಲಿ ಎಷ್ಟರಲ್ಲಿ ಅವರು ಬೇರೆ ಬೇರೆ ಹುಡುಗಿಯರಾಗಿ ಕಂಡರು, ಎಷ್ಟರಲ್ಲಿ ಒಂದು ಕಪ್ಪು ಗುಂಪಾಗಿ ಕಂಡರು? ಒಬ್ಬ ಮನುಷ್ಯಳನ್ನು ಕಪ್ಪು ಕಲೆಯಾಗಿಸಲು ಸಿದ್ಧಾಂತವೇ ಬೇಕೆಂದಿಲ್ಲ, ಅಜಾಗರೂಕ ಸೆಟ್ಟಿಂಗೂ ಸಾಕು.

ಕಪ್ಪು ಬಿಳುಪಿನ ಆಕ್ರೋಸ್‌ನಲ್ಲೂ ಇಂಥದೇ ಆಯ್ಕೆಯಿದೆ. ಅದರ ಜೊತೆ ಹಳದಿ, ಕೆಂಪು, ಹಸಿರು ಫಿಲ್ಟರುಗಳ ಪರಿಣಾಮ ಆರಿಸಬಹುದು. ಕೆಂಪು ಫಿಲ್ಟರ್ ಆಕಾಶವನ್ನು ನಾಟಕೀಯವಾಗಿ ಕಪ್ಪಾಗಿಸುತ್ತದೆ, ಹಾಗಾಗಿ ಹುಡುಗರಿಗೆ ಅದು ಇಷ್ಟ. ಆದರೆ ಅದು ನಮ್ಮಂಥ ಕಂದು ಮುಖಗಳನ್ನು ಬೆಳ್ಳಗೆ ಮಾಡಿ ಮುಖದ ಗೆರೆಗಳನ್ನು ಅಳಿಸುತ್ತದೆ. ಹಸಿರು ಫಿಲ್ಟರಿನಲ್ಲಿ ಚರ್ಮದ ಛಾಯೆ ಉಳಿಯುತ್ತದೆ. ಹಳೆಯ ಸ್ಟುಡಿಯೋದ ಪೆನ್ಸಿಲು ಇಲ್ಲಿ ಮೆನುವಿನೊಳಗೆ ಬಂದು ಕುಳಿತಿದೆ. ಗೊತ್ತಿಲ್ಲದೆ ಬಳಸಿದರೆ ಅದೇ ಕೆಲಸ ಮಾಡುತ್ತದೆ.

ಹಾಗೆಂದು ಈ ಸೆಟ್ಟಿಂಗುಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ತೆಗೆದ ಮೇಲೆ ಕಂಪ್ಯೂಟರ್ ಮುಂದೆ ಕುಳಿತು ನೂರು ಬಗೆಯಲ್ಲಿ ತಿದ್ದುವುದಕ್ಕಿಂತ, ತೆಗೆಯುವ ಮುನ್ನ ಒಂದನ್ನು ಒಪ್ಪಿ ಅದರ ಮಿತಿಯಲ್ಲಿ ನೋಡುವುದು ಒಳ್ಳೆಯ ಶಿಸ್ತು. 36 ಚಿತ್ರಗಳ ರೀಲು ಹಾಕಿದವನಿಗೆ ಆ ಶಿಸ್ತು ತಾನಾಗಿಯೇ ಬರುತ್ತಿತ್ತು. ಈಗಿನವರು ಅದನ್ನು ತಾವೇ ವಿಧಿಸಿಕೊಳ್ಳಬೇಕು. ಗಂಗೊಂಡನಹಳ್ಳಿಗೂ ಕಾಫಿ ಅಂಗಡಿಗೂ ಒಂದೇ ಸೆಟ್ಟಿಂಗು ಇಟ್ಟು ಒಂದು ತಿಂಗಳು ತೆಗೆದು ನೋಡು ಎಂದು ಹುಡುಗನಿಗೆ ಹೇಳಿದೆವು. ಅವನು ತಲೆಯಾಡಿಸಿದ. ಒಪ್ಪಿದನೋ ಹಿರಿಯರೆಂದು ಸುಮ್ಮನಾದನೋ ಗೊತ್ತಾಗಲಿಲ್ಲ.

ನಮ್ಮ ಅಮ್ಮಿಯ ಒಂದೇ ಒಂದು ಚಿತ್ರ ನಮ್ಮಲ್ಲಿದೆ. ಮತದಾರರ ಗುರುತಿನ ಚೀಟಿಯದು. 1993ರ ನಂತರ ಶೇಷನ್ ಅವರ ಕಾಲದಲ್ಲಿ ಶುರುವಾದ ಆ ಚೀಟಿಗಾಗಿ ಆಕೆ ಮೊದಲ ಸಲ ಕ್ಯಾಮರಾ ಎದುರು ಕುಳಿತದ್ದು. ಅದರಲ್ಲಿ ಸೆರಗು ಕಾಣುತ್ತದೆ, ಮೂಗುಬೊಟ್ಟು ಕಾಣುತ್ತದೆ, ಉಳಿದದ್ದು ಮಸಿ. ನಮ್ಮ ಮಕ್ಕಳಿಗೆ ಅಜ್ಜಿಯೆಂದರೆ ಆ ಮಸಿಯೇ. ಸಂಜೆ ಈ ಮಾತು ಬಂದಾಗ ಆಪಾ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದು, "ಸರಿಯಾಗಿ ಬರೋ ಹಾಗಿದ್ರೆ ನಂದೊಂದು ತೆಗಿ" ಎಂದು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತಳು. ಹುಡುಗ ಡಯಲ್ ಪ್ರೊವಿಯಾಗೆ ತಿರುಗಿಸಿದ, ನೆರಳನ್ನು ಇಳಿಸಿದ, ಬೆಳಕನ್ನು ಒಂದು ಸ್ಟಾಪ್ ಕಡಿಮೆ ಮಾಡಿದ. ಚಿತ್ರದಲ್ಲಿ ಬುರ್ಖಾದ ಕಪ್ಪಿನೊಳಗೆ ಮಡಿಕೆಗಳಿದ್ದವು, ಅಂಚಿನ ಕಸೂತಿ ಇತ್ತು, ಹಿಂದೆ ಗೋಡೆಯ ಮೇಲೆ ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರೂ ಇತ್ತು. ಆಪಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಕಣ್ಣಿನ ಕೆಳಗೆ ಕಪ್ಪು ಹಾಗೇ ಬಂದಿದೆಯಲ್ಲೋ" ಎಂದಳು.

"ಇದೆಯಲ್ಲಾ ಅಮ್ಮೀ, ಅದಕ್ಕೇ ಬಂದಿದೆ" ಎಂದ ಅವನು.

ಆಕೆ ಮತ್ತೊಮ್ಮೆ ನೋಡಿ, ಎರಡು ಕಾಪಿ ಪ್ರಿಂಟ್ ಹಾಕಿಸು, ಒಂದು ಮಾಮುಗೆ ಕೊಡು ಎಂದು ಹೇಳಿ ಚಹಾ ಇಡಲು ಒಳಗೆ ಹೋದಳು.